ಆಲೂರು ಬಸ್ಸಿನಲ್ಲಿ ಕ್ಲಾಟ್ ಓದು

ಹಾಸನದಲ್ಲಿ ನೀಟ್, ಜೆಇಇ, ಸಿಇಟಿ ಕೋಚಿಂಗ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ರಸ್ತೆ ರಸ್ತೆಯಲ್ಲೂ ಬೋರ್ಡ್ ಇದೆ. ಕ್ಲಾಟ್‌ಗೆ (ಲಾ ಓದೋಕೆ ಬರೆಯುವ ಎಂಟ್ರೆನ್ಸ್) ಓದ್ತಿದ್ದೀನಿ ಅಂದರೆ ಮಾತ್ರ ಎದುರಿಗಿದ್ದವರು ಮುಖ ನೋಡುತ್ತಾರೆ. "ಯಾವುದದು, ಕ್ಯಾಟಾ?" ಅಂತ ಕೇಳಿದವರೇ ಜಾಸ್ತಿ. ನಮ್ಮ ಕಾಲೇಜಿನಲ್ಲಿ ಕಾಮರ್ಸ್ ತಗೊಂಡವರು ಮುಂದೆ ಬಿ.ಕಾಂ, ಬಿಬಿಎ, ಇಲ್ಲ ಸಿಎ. ಲಾ ಓದಬೇಕು ಅಂದಾಗ ನಮ್ಮಮ್ಮ ಕೇಳಿದ್ದು ಒಂದೇ ಮಾತು. "ಲಾ ಕಾಲೇಜು ಹಾಸನದಲ್ಲೇ ಇದ್ಯಲ್ಲವ್ವ, ಅದಕ್ಕೆ ಎಂಟ್ರೆನ್ಸ್ ಬೇರೆ ಬರೀಬೇಕಾ?"

ಅಮ್ಮನ ಪ್ರಶ್ನೆ ಸರಿಯಾಗಿಯೇ ಇತ್ತು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜುಗಳಿಗೆ ಪಿಯು ಅಂಕದ ಮೇಲೆ ಸೀಟು ಸಿಗುತ್ತದೆ. ಹಾಸನದಲ್ಲೂ ಇದೆ, ಹೊಳೆನರಸೀಪುರದಲ್ಲೂ ಇದೆ. ಜಿಲ್ಲಾ ಕೋರ್ಟಿನಲ್ಲಿ ಹೆಸರು ಮಾಡಿದ ಎಷ್ಟೋ ಲಾಯರ್‌ಗಳು ಯಾವ ಎಂಟ್ರೆನ್ಸನ್ನೂ ಬರೆದವರಲ್ಲ. ಕ್ಲಾಟ್ ಬೇಕಾಗುವುದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ. ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್, ಹೈದರಾಬಾದಿನ ನಲ್ಸಾರ್, ಹೀಗೆ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಇವೆ. ಮೊದಲು ಒಂದೊಂದೂ ಬೇರೆ ಬೇರೆ ಪರೀಕ್ಷೆ ಮಾಡುತ್ತಿದ್ದವು. 2008ರಿಂದ ಎಲ್ಲ ಸೇರಿ ಒಂದೇ ಪರೀಕ್ಷೆ. ದೆಹಲಿಯ ಲಾ ಯೂನಿವರ್ಸಿಟಿ ಮಾತ್ರ ಈಗಲೂ ಐಲೆಟ್ ಅಂತ ತನ್ನದೇ ಪರೀಕ್ಷೆ ಇಟ್ಟುಕೊಂಡಿದೆ.

ನನಗೆ ಈ ವಿಷಯ ಗೊತ್ತಾಗಿದ್ದು ಕೋರ್ಟಿನಿಂದಲೇ. ಅಪ್ಪ ಮತ್ತು ದೊಡ್ಡಪ್ಪನ ನಡುವೆ ಭಾಗದ ಕೇಸು ನಡೆಯುತ್ತಿತ್ತು. ವಾಯಿದೆಗೆ ಅಂತ ಅಪ್ಪ ಹಾಸನಕ್ಕೆ ಬಂದಾಗ, ಕಾಲೇಜು ಮುಗಿಸಿ ನಾನೂ ಲಾಯರ್ ಆಫೀಸಿಗೆ ಹೋಗಿ ಕೂರುತ್ತಿದ್ದೆ. ರಜೆಯಲ್ಲಿ ಅಲ್ಲಿಗೆ ಒಬ್ಬ ಅಕ್ಕ ಇಂಟರ್ನ್ ಆಗಿ ಬಂದಿದ್ದರು. ಪಹಣಿ, ವಿಭಾಗ ಪತ್ರ ಎಲ್ಲ ಜೋಡಿಸಿ ಇಡುತ್ತಾ, "ಪಿಯುನಲ್ಲಿ ಯಾವ ಕಾಂಬಿನೇಷನ್ ಆದ್ರೂ ಪರವಾಗಿಲ್ಲ, 45 ಪರ್ಸೆಂಟ್ ಇದ್ರೆ ಪರೀಕ್ಷೆ ಬರೀಬಹುದು" ಅಂದರು. ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ 40 ಸಾಕು. ವಯಸ್ಸಿನ ಮಿತಿಯೂ ಇಲ್ಲ. ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು. "ಕಾನೂನು ಓದ್ಕೊಂಡು ಹೋಗ್ಬೇಡ. ಓದೋದನ್ನ ಕಲ್ತುಕೊಂಡು ಹೋಗು."

ಆಗ ಅರ್ಥವಾಗಲಿಲ್ಲ. ಒಂದು ಹಳೇ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿ ನೋಡಿದ ಮೇಲೆ ಅರ್ಥವಾಯಿತು. ಎರಡು ಗಂಟೆ, 120 ಪ್ರಶ್ನೆ. 2024ರ ಪ್ರವೇಶದ ಪರೀಕ್ಷೆಗಿಂತ ಮುಂಚೆ 150 ಇತ್ತಂತೆ. ಇಂಗ್ಲಿಷ್, ಕರೆಂಟ್ ಅಫೇರ್ಸ್, ಲೀಗಲ್ ರೀಸನಿಂಗ್, ಲಾಜಿಕಲ್ ರೀಸನಿಂಗ್, ಒಂದಿಷ್ಟು ಗಣಿತ. ಹೆಸರು ಐದಾದರೂ ಎಲ್ಲದರ ಆಕಾರ ಒಂದೇ. ಮೊದಲು ಒಂದು ಪ್ಯಾಸೇಜ್ ಕೊಡುತ್ತಾರೆ, ಸುಮಾರು 450 ಪದದ್ದು. ಅದರ ಕೆಳಗೆ ನಾಲ್ಕೈದು ಪ್ರಶ್ನೆ. ಎಲ್ಲ ಪ್ಯಾಸೇಜ್ ಕೂಡಿಸಿದರೆ ಹತ್ತು ಸಾವಿರ ಪದದ ಹತ್ತಿರ ಬರುತ್ತದೆ, ಅದೂ ಇಂಗ್ಲಿಷಿನಲ್ಲಿ. ಪ್ರಶ್ನೆ ಕಷ್ಟ ಅಂತ ಅಲ್ಲ. ಪ್ರಶ್ನೆಯ ಹತ್ತಿರ ಹೋಗುವಷ್ಟರಲ್ಲೇ ಟೈಮ್ ಮುಗಿದಿರುತ್ತದೆ.

ನಾನು ಏಳನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಆಮೇಲೆ ಇಂಗ್ಲಿಷ್ ಮೀಡಿಯಂ ಅಂತ ಹೆಸರಿಗೆ ಇತ್ತು, ಪಾಠ ಎಲ್ಲ ಕನ್ನಡದಲ್ಲೇ ನಡೆಯುತ್ತಿತ್ತು. ನೋಟ್ಸ್ ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆಯೋಕೆ ತೊಂದರೆ ಇರಲಿಲ್ಲ. ಗೊತ್ತಿಲ್ಲದ ಇಂಗ್ಲಿಷ್ ಪುಟವೊಂದನ್ನು ಎರಡು ನಿಮಿಷದಲ್ಲಿ ಓದಿ ಬಿಸಾಕೋದು ಬೇರೆಯೇ ವಿದ್ಯೆ.

ಪದಕೋಶ ಉರು ಹೊಡಿ ಅಂದವರಿದ್ದರು. ಸ್ವಲ್ಪ ದಿನ ಮಾಡಿದೆ, ಹೆಚ್ಚೇನೂ ಉಪಯೋಗ ಕಾಣಲಿಲ್ಲ. ನನಗೆ ಕೆಲಸಕ್ಕೆ ಬಂದಿದ್ದು ಬೇರೆ ದಾರಿ. ಬೆಳಗ್ಗೆ ಮೊದಲು ಪ್ರಜಾವಾಣಿಯ ಸಂಪಾದಕೀಯ ಓದುತ್ತಿದ್ದೆ. ಅದೇ ವಿಷಯದ ಮೇಲೆ ದಿ ಹಿಂದೂ ಏನು ಬರೆದಿದೆ ಅಂತ ಆಮೇಲೆ ಓದುತ್ತಿದ್ದೆ. ವಿಷಯ ಮೊದಲೇ ತಲೆಯಲ್ಲಿ ಇರುವುದರಿಂದ ಗೊತ್ತಿಲ್ಲದ ಪದಗಳು ತಾವಾಗಿಯೇ ಜಾಗಕ್ಕೆ ಕೂತುಕೊಳ್ಳುತ್ತಿದ್ದವು. ವಾಕ್ಯ ವಾಕ್ಯವನ್ನೂ ಕನ್ನಡಕ್ಕೆ ತರೋಕೆ ಹೋಗಬಾರದು, ಹೋದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೇವೆ. ಒಂದು ಪ್ಯಾರಾ ಮುಗಿದ ಮೇಲೆ ಪಕ್ಕದಲ್ಲಿ ಎರಡು ಮಾತು ಬರೆಯಬೇಕು, ಅಷ್ಟೇ. ಜಾಮೀನಿನ ಬಗ್ಗೆ ಇದ್ದ ಒಂದು ಲೇಖನದ ಪಕ್ಕ ನಾನು ಬರೆದಿದ್ದು ಇನ್ನೂ ಇದೆ. "ಹಳೇ ರೂಲು." "ಬಡವರಿಗೆ ತೊಂದರೆ." "ಕೋರ್ಟ್ ಹೀಗಂತು." "ಇವರಿಗೆ ಅದು ಸಾಲದಂತೆ." ನಾಲ್ಕು ಪ್ಯಾರಾ, ನಾಲ್ಕು ಟಿಪ್ಪಣಿ. ಪ್ರಶ್ನೆ ಕೇಳುವುದು ಹೆಚ್ಚಾಗಿ ಆ ನಾಲ್ಕನೆಯದರ ಮೇಲೆ. ಬರೆದವರ ನಿಲುವೇನು ಅಂತ.

ಇದೆಲ್ಲ ನಡೆದಿದ್ದು ಬಸ್ಸಿನಲ್ಲಿ. ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡ್ ತೋರಿಸಿದರೆ ಸಾಕು, ಆಲೂರಿಂದ ಹಾಸನಕ್ಕೆ ದುಡ್ಡಿಲ್ಲದೆ ಬರಬಹುದು. ಸೀಟು ಸಿಗುವುದು ಬೇರೆ ಮಾತು. ಕಂಬ ಹಿಡಿದು ನಿಂತುಕೊಂಡು, ನಾಲ್ಕಾಗಿ ಮಡಿಚಿದ ಪೇಪರ್ ಓದೋದು ಅಭ್ಯಾಸವಾಯಿತು. ಒಂದು ವಿಷಯದಲ್ಲಿ ಇದು ಒಳ್ಳೆಯದೇ. ಬೆಂಗಳೂರಿನ ಹುಡುಗರು ಏಸಿ ರೂಮಿನಲ್ಲಿ ಮಾಕ್ ಟೆಸ್ಟ್ ಬರೆಯುತ್ತಾರೆ. ನಾನು ಕಂಡಕ್ಟರ್ ವಿಷಲ್, ಯಾರದೋ ಮೊಬೈಲ್ ರೀಲ್ಸ್, ಕೋಳಿ ಚೀಲ, ಇದರ ಮಧ್ಯೆ ಓದಿದ್ದೆ. ಪರೀಕ್ಷಾ ಕೊಠಡಿಯಲ್ಲಿ ಪಕ್ಕದವನು ಕಾಲು ಅಲ್ಲಾಡಿಸಿದರೂ ನನಗೇನೂ ಆಗಲಿಲ್ಲ.

ಲೀಗಲ್ ರೀಸನಿಂಗ್ ಬಗ್ಗೆ ಜಾಸ್ತಿ ಹೇಳಬೇಕು. ಎಲ್ಲರೂ ತಪ್ಪು ತಿಳಿದುಕೊಂಡಿರುವುದು ಇದನ್ನೇ.

ಕಾನೂನಿನ ಸೆಕ್ಷನ್‌ಗಳು ಬಾಯಿಗೆ ಬರಬೇಕು ಅಂತ ಏನಿಲ್ಲ. ಅನ್ವಯಿಸಬೇಕಾದ ನಿಯಮ ಪ್ಯಾಸೇಜಿನಲ್ಲೇ ಇರುತ್ತದೆ. ಪ್ರಶ್ನೆಯಲ್ಲಿ ಒಂದು ಘಟನೆ ಇರುತ್ತದೆ. ಆ ನಿಯಮವನ್ನು ಈ ಘಟನೆಗೆ ಹಚ್ಚಿ ಉತ್ತರ ಹೇಳಬೇಕು. ಕೇಳೋಕೆ ಸುಲಭ. ಆದರೆ ನಮ್ಮ ತಲೆಯಲ್ಲಿ ಮೊದಲೇ ಒಂದು ತೀರ್ಪು ಕೂತಿರುತ್ತದೆ, ಅಲ್ವಾ?

ಆಲೂರು, ಸಕಲೇಶಪುರ ಕಡೆ ಆನೆ ಕಾಟ ಗೊತ್ತಿರುವುದೇ. ಭತ್ತ ಹಾಲು ತುಂಬುವ ಹೊತ್ತಿಗೆ ಬರುತ್ತವೆ. ಹಂದಿಯಂತೂ ವರ್ಷವಿಡೀ. ಸೋಲಾರ್ ಬೇಲಿ ಹಾಕಿಸೋಕೆ ದುಡ್ಡಿಲ್ಲದವರು ಕೆಲವರು ಸೀದಾ ಕರೆಂಟ್ ಲೈನನ್ನೇ ತಂತಿಗೆ ಕೊಟ್ಟುಬಿಡುತ್ತಾರೆ. ಸೋಲಾರ್ ಬೇಲಿಯಲ್ಲಿ ಕರೆಂಟ್ ಬಿಟ್ಟು ಬಿಟ್ಟು ಬರುತ್ತದೆ, ಹೊಡೆದು ದೂಡುತ್ತದೆ. ಲೈನಿನ ಕರೆಂಟ್ ಹಿಡಿದುಕೊಂಡು ಬಿಡುತ್ತದೆ.

ಒಂದು ಅಭ್ಯಾಸದ ಪ್ಯಾಸೇಜ್ ಇಂಥದ್ದೇ ವಿಷಯದ ಮೇಲಿತ್ತು. ಚೆರುಬಿನ್ ಗ್ರೆಗರಿ ಅನ್ನುವವನ ಕೇಸು, ಬಿಹಾರದ್ದು, 1960ರ ದಶಕದಲ್ಲಿ ಸುಪ್ರೀಂ ಕೋರ್ಟಿಗೆ ಬಂದಿದ್ದು. ನೆರೆಮನೆಯವರ ಶೌಚಾಲಯದ ಗೋಡೆ ಬಿದ್ದು, ಅವರು ಇವನ ಶೌಚಾಲಯಕ್ಕೆ ಬರುತ್ತಿದ್ದರು. ಬೇಡ ಅಂದರೂ ಬರುತ್ತಿದ್ದರು. ಇವನು ದಾರಿಗೆ ಹೊದಿಕೆಯಿಲ್ಲದ ತಂತಿ ಎಳೆದು ಕರೆಂಟ್ ಕೊಟ್ಟ. ಎಚ್ಚರಿಕೆಯ ಬೋರ್ಡಿಲ್ಲ, ಏನಿಲ್ಲ. ಹೆಂಗಸೊಬ್ಬಳು ತಗುಲಿ ಸತ್ತಳು.

ಇದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿ ಕೇಳಿದೆ. ಅಪ್ಪ ಯೋಚನೆ ಮಾಡೋಕೂ ಹೋಗಲಿಲ್ಲ. "ಅವ್ನ ಜಾಗ, ಅವ್ನ ತಂತಿ. ಬರಬ್ಯಾಡ ಅಂದ್ಮೇಲೂ ಬಂದಿದ್ದು ಯಾರ ತಪ್ಪು?" ನಿಜ ಹೇಳಬೇಕಂದರೆ ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಗದ್ದೆ ಕಳೆದುಕೊಂಡವರ ಮನೆಯಲ್ಲಿ ಹುಟ್ಟಿದವರಿಗೆ ಬೇರೆ ಹೇಗೆ ಅನಿಸೋಕೆ ಸಾಧ್ಯ? ಆದರೆ ಕೋರ್ಟ್ ಒಪ್ಪಲಿಲ್ಲ. ಅತಿಕ್ರಮ ಮಾಡಿದವರೇ ಆಗಿರಲಿ, ಅವರ ಪ್ರಾಣಕ್ಕೆ ಕುತ್ತು ತರುವ ಹಾಗೆ ಬೇಕಂತಲೇ ಬಲೆ ಒಡ್ಡುವ ಹಕ್ಕು ಜಾಗದ ಮಾಲೀಕನಿಗಿಲ್ಲ ಅಂದಿತು. ಆಗ ಅವನ ಮೇಲೆ ಹಾಕಿದ್ದು ಐಪಿಸಿ 304ಎ, ಅಂದರೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಅಪರಾಧ. ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದು 106ನೇ ಸೆಕ್ಷನ್.

ಪ್ಯಾಸೇಜಿನ ಕೆಳಗಿದ್ದ ನಾಲ್ಕು ಆಯ್ಕೆಯಲ್ಲಿ ಒಂದು ಅಪ್ಪನ ಮಾತಿನ ಪಡಿಯಚ್ಚು. ಇಂಥ ಪ್ರಶ್ನೆ ಮಾಡುವವರಿಗೆ ನಮ್ಮ ಮನಸ್ಸು ಎತ್ತ ವಾಲುತ್ತದೆ ಅಂತ ಚೆನ್ನಾಗಿ ಗೊತ್ತು. ಅದನ್ನು ಒಂದು ಆಯ್ಕೆಯಾಗಿ ಇಟ್ಟೇ ಇಟ್ಟಿರುತ್ತಾರೆ. ಮೈನರ್ ಹುಡುಗ ಸಾಲ ತಗೊಂಡು ಕೊಡಲ್ಲ ಅಂದರೆ ಏನು ಮಾಡೋದು ಅನ್ನುವ ಪ್ರಶ್ನೆಯೂ ಹಾಗೇ. ಕೊಟ್ಟವನ ದುಡ್ಡು ವಾಪಸ್ ಬರಬೇಕು ಅಂತ ಯಾರಿಗಾದರೂ ಅನಿಸುತ್ತದೆ. 1903ರ ಮೊಹರಿ ಬೀಬಿ ಕೇಸಿನಿಂದ ಬಂದ ನಿಯಮದ ಪ್ರಕಾರ ಮೈನರ್ ಮಾಡಿಕೊಂಡ ಕರಾರು ಕರಾರೇ ಅಲ್ಲ. ಅಲ್ಲಿಂದ ಒಂದು ಪದ್ಧತಿ ಮಾಡಿಕೊಂಡೆ. ಪ್ರಶ್ನೆ ಓದಿ ಯಾರ ಪರ ಕನಿಕರ ಹುಟ್ಟುತ್ತದೋ ಆ ಆಯ್ಕೆಯನ್ನು ಎರಡು ಸಲ ಅನುಮಾನಿಸೋದು. ಅದು ಯಾವಾಗಲೂ ತಪ್ಪು ಅಂತಲ್ಲ. ಪ್ಯಾಸೇಜಿನಲ್ಲಿ ಅದಕ್ಕೆ ಆಧಾರದ ಸಾಲು ಇದೆಯಾ ಅಂತ ಬೆರಳಿಟ್ಟು ತೋರಿಸೋಕೆ ಆಗಬೇಕು. ಆಗದಿದ್ದರೆ ಬಿಡಬೇಕು.

ಕರೆಂಟ್ ಅಫೇರ್ಸ್ ಕಾಲು ಭಾಗದಷ್ಟು ಅಂಕಕ್ಕೆ ಬರುತ್ತದೆ. ಇದರಲ್ಲಿ ಹಳ್ಳಿ ಮಕ್ಕಳು ಹಿಂದೆ ಬೀಳುತ್ತಾರೆ ಅನ್ನುವುದನ್ನು ನಾನು ಒಪ್ಪಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳಮೀಸಲಾತಿ ಮಾಡಬಹುದು ಅಂತ 6-1ರಲ್ಲಿ ಹೇಳಿತು. ಮಾಡೋ ಹಾಗಿಲ್ಲ ಅಂದಿದ್ದ 2004ರ ಚಿನ್ನಯ್ಯ ಕೇಸಿನ ತೀರ್ಪು ಬಿದ್ದುಹೋಯಿತು. ನಗರದ ಹುಡುಗರಿಗೆ ಅದು ನೋಟ್ಸಿನಲ್ಲಿ ಬರುವ ಒಂದು ಪಾಯಿಂಟ್. ನಮ್ಮ ಬಸ್ ಸ್ಟಾಂಡಿನ ಟೀ ಅಂಗಡಿಯಲ್ಲಿ ಅದೇ ವಿಷಯಕ್ಕೆ ವಾರಗಟ್ಟಲೆ ಜಗಳ. ಯಾರು ಪರ, ಯಾರು ವಿರೋಧ, ಯಾಕೆ, ಎಲ್ಲ ಕಿವಿಗೆ ಬೀಳುತ್ತಿತ್ತು. ನಾನು ಪೀಠದ ಸಂಖ್ಯೆ, ಇಸವಿ ಮಾತ್ರ ಸೇರಿಸಿಕೊಂಡರೆ ಸಾಕಾಗಿತ್ತು. ಆ ಜುಲೈನಲ್ಲಿ ಎಡಕುಮರಿ ಹತ್ತಿರ ಗುಡ್ಡ ಕುಸಿದು ರೈಲು ನಿಂತಿತು, ಅದೇ ತಿಂಗಳ ಕೊನೆಗೆ ವಯನಾಡು. ಹಿಂದಿನ ವರ್ಷ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದ್ದವು. ಸುತ್ತಮುತ್ತ ನಡೆದಿದ್ದನ್ನೇ ಎಳೆಯಾಗಿ ಹಿಡಿದರೆ ಪರಿಸರ ಕಾನೂನು, ಪಶ್ಚಿಮ ಘಟ್ಟದ ವರದಿಗಳು, ಪುರಾತತ್ವ ಎಲ್ಲ ಅದರ ಹಿಂದೆಯೇ ಬರುತ್ತವೆ. ಒಂದೇ ಬೇಜಾರು. ಹಾಸನದ ಲಾಯರ್ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಿದ್ದು 2025ರ ಮೇನಲ್ಲಿ, ನನ್ನ ಪರೀಕ್ಷೆ ಮುಗಿದ ಮೇಲೆ. ಮುಂಚೆಯೇ ಬಂದಿದ್ದರೆ ಒಂದು ಮಾರ್ಕು ಗ್ಯಾರಂಟಿ ಅಂತ ಮನೆಯಲ್ಲಿ ನಗಾಡಿದ್ದೇ ನಗಾಡಿದ್ದು.

ಗಣಿತ ಹತ್ತನೇ ಕ್ಲಾಸಿನ ಮಟ್ಟದ್ದು. ಶೇಕಡಾ, ಅನುಪಾತ, ಸರಾಸರಿ. ಕಾಮರ್ಸ್‌ನವರಿಗೆ ಹೆದರಿಕೆ ಬೇಡ. ಲಾಜಿಕಲ್ ರೀಸನಿಂಗ್‌ಗೆ ಅಭ್ಯಾಸ ಬಿಟ್ಟರೆ ಬೇರೆ ದಾರಿ ಇಲ್ಲ.

ಕೋಚಿಂಗ್ ವಿಷಯ. ಆನ್‌ಲೈನ್ ಕೋಚಿಂಗಿನವರೊಬ್ಬರಿಗೆ ಒಂದು ಸಲ ನಂಬರ್ ಕೊಟ್ಟಿದ್ದಕ್ಕೆ ತಿಂಗಳುಗಟ್ಟಲೆ ಫೋನ್ ಬಂತು. ಪ್ರತಿ ಸಲವೂ "ಮೇಡಂ, ಡಿಸ್ಕೌಂಟ್ ಇವತ್ತೇ ಲಾಸ್ಟ್". ಅಷ್ಟು ದುಡ್ಡು ನಮ್ಮಲ್ಲಿ ಇರಲಿಲ್ಲ, ಮನೆಯಲ್ಲಿ ವಿಡಿಯೊ ಓಡುವಷ್ಟು ನೆಟ್‌ವರ್ಕೂ ಇರಲಿಲ್ಲ. ಮಾಕ್ ಟೆಸ್ಟ್‌ಗೆ ಮಾತ್ರ ದುಡ್ಡು ಕಟ್ಟಿದೆ. ಅದನ್ನು ಹಾಸನದಲ್ಲೇ ಡೌನ್‌ಲೋಡ್ ಮಾಡಿ ಕೋರ್ಟ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುತ್ತಿದ್ದೆ. ಅಂಗಡಿಯಣ್ಣ ಒಂದು ದಿನ ಹಾಳೆ ತಿರುಗಿಸಿ ನೋಡಿ, "ಏನವ್ವ ಇದು, ಯಾರ ಮೇಲೆ ಕೇಸು ಹಾಕ್ತಿದ್ದೀಯ?" ಅಂದರು. ಆಮೇಲೆ ಓಎಂಆರ್ ಶೀಟಿನ ಜೆರಾಕ್ಸನ್ನು ಅರ್ಧ ರೇಟಿಗೆ ಕೊಡೋಕೆ ಶುರು ಮಾಡಿದರು.

ಈ ಓಎಂಆರ್ ಶೀಟನ್ನು ಹಗುರವಾಗಿ ತಗೋಬಾರದು. ಕ್ಲಾಟ್ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ ಅಲ್ಲ. ಬಾಲ್ ಪೆನ್ನಿನಲ್ಲಿ ಬೊಟ್ಟು ತುಂಬಬೇಕು. ಒಂದು ಸಲ ತುಂಬಿದರೆ ಮುಗಿಯಿತು, ಅಳಿಸೋ ಹಾಗಿಲ್ಲ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. 120 ಬೊಟ್ಟು ತುಂಬೋಕೇ ಎಷ್ಟು ಹೊತ್ತು ಬೇಕು ಅಂತ ಒಂದು ಸಲ ಗಡಿಯಾರ ಇಟ್ಟುಕೊಂಡು ನೋಡಿ, ಗಾಬರಿಯಾಗುತ್ತದೆ. ಕೊನೆಗೆ ಒಟ್ಟಿಗೆ ತುಂಬುತ್ತೇನೆ ಅನ್ನುವ ಧೈರ್ಯ ಬೇಡ. ನಾನು ಪ್ಯಾಸೇಜ್ ಮುಗಿದ ಹಾಗೆ ತುಂಬುತ್ತಿದ್ದೆ.

ಅರ್ಜಿ ಜುಲೈ, ಆಗಸ್ಟ್ ಹೊತ್ತಿಗೆ ತೆರೆಯುತ್ತದೆ. ನಾನು ಬರೆದ ಸಲ ಫೀಸು 4,000 ರೂಪಾಯಿ ಇತ್ತು. ಎಸ್‌ಸಿ, ಎಸ್‌ಟಿ, ಬಿಪಿಎಲ್‌ನವರಿಗೆ 3,500. ಒಂದು ಪರೀಕ್ಷೆಗೆ ಇದು ಸಣ್ಣ ಮೊತ್ತ ಅಲ್ಲ. ಶುಂಠಿ ರೇಟು ಇಳಿಯುತ್ತಿದ್ದ ಕಾಲ ಅದು. ಅಪ್ಪ ಏನೂ ಅನ್ನದೆ ಕೊಟ್ಟರು, ಅಮ್ಮ ಮಾತ್ರ ಎರಡು ಸಲ ಕೇಳಿದರು, "ಫೇಲಾದ್ರೆ ವಾಪಸ್ ಕೊಡ್ತಾರಾ?" ಜಾತಿ, ಆದಾಯ ಪ್ರಮಾಣ ಪತ್ರ ಬೇಕಾದವರು ನಾಡಕಚೇರಿಗೆ ಮೊದಲೇ ಅರ್ಜಿ ಹಾಕಿಟ್ಟುಕೊಳ್ಳಿ.

ಪರೀಕ್ಷೆಗೆ ಒಂದು ತಿಂಗಳು ಇರುವಾಗ ಹಾಸನದಲ್ಲಿ ಓದೋದು ದೊಡ್ಡ ಸಾಹಸ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆಗೆಯುವುದು ಅದೇ ದೀಪಾವಳಿ ಸಮಯದಲ್ಲಿ. ಊರಿಗೆ ಊರೇ ಜನ. ಬಸ್ಸಿನಲ್ಲಿ ಪೇಪರ್ ಬಿಡಿಸೋಕಲ್ಲ, ಕೈ ಎತ್ತೋಕೂ ಜಾಗ ಇರಲಿಲ್ಲ. ಆ ದಿನಗಳಲ್ಲಿ ಮನೆಯಲ್ಲೇ ಕೂತು ಹಳೇ ಪತ್ರಿಕೆಗಳನ್ನು ಮತ್ತೆ ಮಾಡಿದೆ.

ಪರೀಕ್ಷೆ 2024ರ ಡಿಸೆಂಬರ್ 1, ಭಾನುವಾರ, ಮಧ್ಯಾಹ್ನ ಎರಡರಿಂದ ನಾಲ್ಕು. ನನಗೆ ಸಿಕ್ಕಿದ್ದು ಬೆಂಗಳೂರಿನ ಸೆಂಟರ್. ಹಿಂದಿನ ದಿನವೇ ದಾಸರಹಳ್ಳಿಯ ಅತ್ತೆ ಮನೆಗೆ ಹೋಗಿ ಉಳಿದೆ. ಹಾಸನದವರಿಗೆ ತುಮಕೂರು ರಸ್ತೆಯಲ್ಲಿ ಯಾರಾದರೊಬ್ಬರು ನೆಂಟರು ಇದ್ದೇ ಇರುತ್ತಾರೆ. ಫೆಂಗಲ್ ಚಂಡಮಾರುತದ ಥಂಡಿ. ಅತ್ತೆ ಸ್ವೆಟರ್ ಹಾಕಿಸಿಯೇ ಕಳಿಸಿದರು.

ಮೊದಲು ಕರೆಂಟ್ ಅಫೇರ್ಸ್ ಮಾಡಿದೆ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ, ಕೂತು ಯೋಚಿಸಿದರೆ ಬರುವಂಥದ್ದಲ್ಲ. ಆಮೇಲೆ ಲೀಗಲ್, ಇಂಗ್ಲಿಷ್, ಲಾಜಿಕಲ್, ಕೊನೆಗೆ ಗಣಿತ. ಹೊರಗೆ ಬಂದಾಗ ಎಲ್ಲರೂ ಪೇಪರ್ ಸುಲಭ ಇತ್ತು ಅನ್ನುತ್ತಿದ್ದರು. ಸುಲಭವಾದರೆ ಎಲ್ಲರಿಗೂ ಸುಲಭ, ರ‍್ಯಾಂಕಿಗೆ ಅದರಿಂದ ಲಾಭವಿಲ್ಲ.

ಡಿಸೆಂಬರಿನಲ್ಲೇ ಫಲಿತಾಂಶ ಬಂತು, ಆದರೆ ನಿಜವಾದ ಕಾಯುವಿಕೆ ಶುರುವಾಗಿದ್ದು ಆಗ. ಕೆಲವು ಕೀ ಉತ್ತರಗಳು ಸರಿಯಿಲ್ಲ ಅಂತ ಅಭ್ಯರ್ಥಿಗಳು ಹೈಕೋರ್ಟುಗಳಿಗೆ ಹೋದರು. ಡಿಸೆಂಬರ್ 20ಕ್ಕೆ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ತೀರ್ಪು ಕೊಟ್ಟಿತು. ಮೇಲ್ಮನವಿ ಆಯಿತು. ಬೇರೆ ಬೇರೆ ರಾಜ್ಯದ ಕೇಸುಗಳನ್ನು ಸುಪ್ರೀಂ ಕೋರ್ಟ್ ಫೆಬ್ರುವರಿಯಲ್ಲಿ ದೆಹಲಿಗೇ ವರ್ಗಾಯಿಸಿತು. ಏಪ್ರಿಲ್ 23ಕ್ಕೆ ವಿಭಾಗೀಯ ಪೀಠದ ತೀರ್ಪು, ಮೇ 7ಕ್ಕೆ ಸುಪ್ರೀಂ ಕೋರ್ಟಿನದು. ಇದರ ನಡುವೆ ನಾನು ಸೆಕೆಂಡ್ ಪಿಯು ಪರೀಕ್ಷೆ ಬರೆದು, ಅದರ ಫಲಿತಾಂಶವೂ ಬಂದಿತ್ತು. ಅಪ್ಪನಿಗೆ ಇದರಲ್ಲಿ ಆಶ್ಚರ್ಯವೇ ಇರಲಿಲ್ಲ. "ಕೋರ್ಟಿಗೆ ಹೋದ್ಮೇಲೆ ವಾಯಿದೆ ಬೀಳಲೇಬೇಕಲ್ಲ" ಅಂದರು.

ಆ ತೀರ್ಪುಗಳನ್ನು ನಾನು ಪೂರ್ತಿ ಓದಿದೆ. ನ್ಯಾಯಮೂರ್ತಿಗಳು ಒಂದೊಂದೇ ಪ್ರಶ್ನೆ ತಗೊಂಡು, ಪ್ಯಾಸೇಜ್ ಏನು ಹೇಳುತ್ತದೆ, ಯಾವ ಆಯ್ಕೆ ನಿಲ್ಲುತ್ತದೆ, ಯಾವುದು ನಿಲ್ಲಲ್ಲ ಅಂತ ಬರೆದಿದ್ದಾರೆ. ನಾವು ಒಂದೊಂದು ನಿಮಿಷದಲ್ಲಿ ಮಾಡಬೇಕಾಗಿದ್ದ ಕೆಲಸ ಅದು. ಮುಂದೆ ಕ್ಲಾಟ್ ಬರೆಯುವವರು ಯಾವ ಗೈಡ್ ಕೊಳ್ಳದಿದ್ದರೂ ಅವನ್ನು ಓದಿ. ಪುಕ್ಕಟೆ ಸಿಗುತ್ತವೆ. ಪರೀಕ್ಷೆ ಮುಗಿದ ಮೇಲೆ ಕೀ ಉತ್ತರಕ್ಕೆ ಆಕ್ಷೇಪಣೆ ಹಾಕಬೇಕಂದರೆ ಮಾತ್ರ ಪ್ರಶ್ನೆಗೆ 1,000 ರೂಪಾಯಿ. ಆಕ್ಷೇಪಣೆ ಸರಿ ಅಂತಾದರೆ ವಾಪಸ್ ಬರುತ್ತದೆ. ನಾಲ್ಕು ಪ್ರಶ್ನೆ ಮೇಲೆ ಅನುಮಾನ ಬಂದರೆ ಅರ್ಜಿ ಫೀಸಿನಷ್ಟೇ ಆಯಿತು, ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಬೆಂಗಳೂರಿನ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸೀಟಿದೆ. ಇಲ್ಲಿ ಹತ್ತು ವರ್ಷ ಓದಿರಬೇಕು. ಅದಕ್ಕೆ ವ್ಯಾಸಂಗ ಪ್ರಮಾಣ ಪತ್ರ ತರೋಕೆ ಓಡಾಡಿದ್ದು ಇನ್ನೊಂದು ಕಥೆ. ನಮ್ಮೂರ ಶಾಲೆಯಲ್ಲಿ ಮಕ್ಕಳಿಲ್ಲದೆ ಬಾಗಿಲು ಹಾಕಿದ್ದರು. ದಾಖಲೆ ಪುಸ್ತಕ ಪಕ್ಕದೂರಿನ ಶಾಲೆಗೆ ಹೋಗಿತ್ತು. ಅಲ್ಲಿನ ಮೇಡಂ ಬೀರುವಿನಿಂದ ಹಳೇ ದಾಖಲಾತಿ ಪುಸ್ತಕ ತೆಗೆದು ಧೂಳು ಕೊಡವಿದರು. ನನ್ನ ಹೆಸರು ಸಿಕ್ಕಿತು, ಜೊತೆಗೆ ನಮ್ಮ ಚಿಕ್ಕಪ್ಪ, ಅತ್ತೆಯರ ಹೆಸರೂ ಅದೇ ಪುಸ್ತಕದಲ್ಲಿ. ಪತ್ರ ಏನೋ ಸಿಕ್ಕಿತು, ಕೋರ್ಟಿನ ತೀರ್ಪಿನ ಮೇಲೆ ಬಂದ ಪರಿಷ್ಕೃತ ರ‍್ಯಾಂಕ್ ಬೆಂಗಳೂರಿಗೆ ತಲುಪಲಿಲ್ಲ. ಆ ಕೋಟಾದಲ್ಲೂ ಇಲ್ಲ.

ಆ ಸಲ ಕೌನ್ಸೆಲಿಂಗಿಗೆ ಸಾಮಾನ್ಯ ವರ್ಗದವರು 30,000 ರೂಪಾಯಿ ಕಟ್ಟಬೇಕಿತ್ತು, ಮೀಸಲು ವರ್ಗದವರು 20,000. ಸೀಟು ಬಂದ ಮೇಲೆ ಫ್ರೀಜ್ ಮಾಡ್ತೀಯೋ (ಇದೇ ಸಾಕು), ಫ್ಲೋಟ್ ಮಾಡ್ತೀಯೋ (ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯೋದು), ಎಕ್ಸಿಟ್ ಆಗ್ತೀಯೋ (ಬಿಟ್ಟು ಹೋಗೋದು) ಅಂತ ಕೇಳುತ್ತದೆ. ನಾನು ಫ್ಲೋಟ್ ಒತ್ತಿ ಮುಂದಿನ ಪಟ್ಟಿಯವರೆಗೆ ಕಾದೆ. ಹೊರ ರಾಜ್ಯದಲ್ಲಿ ಸೀಟು ಸಿಕ್ಕಿತು. ವರ್ಷದ ಫೀಸು ಲಕ್ಷಗಳ ಲೆಕ್ಕ. 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಕಾಗಿಲ್ಲ, ಇದನ್ನು ಬ್ಯಾಂಕಿನಲ್ಲಿ ನಾವೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಭಾಗದ ಕೇಸಿನಲ್ಲಿರುವ ಜಮೀನನ್ನು ಅಡವಿಡೋಕೂ ಆಗುತ್ತಿರಲಿಲ್ಲ ಬಿಡಿ.

ನನ್ನ ಪ್ರಿಂಟ್‌ಔಟ್‌ಗಳು, ಪಕ್ಕದಲ್ಲಿ ಕನ್ನಡ ಟಿಪ್ಪಣಿ ಇರುವವು, ಈಗ ಆಲೂರಿನ ಒಬ್ಬ ಹುಡುಗನ ಹತ್ತಿರ ಇವೆ. ಅವನು ಸೈನ್ಸ್, ನೀಟ್ ಬೇಡ ಅಂತ ಮನೆಯಲ್ಲಿ ಜಗಳ ಆಡಿಕೊಂಡು ಬಂದವನು. ಬೇಕಾದವರು ಅವನು ಮುಗಿಸಿದ ಮೇಲೆ ಕೇಳಬಹುದು. ಜೆರಾಕ್ಸ್ ಖರ್ಚು ನಿಮ್ಮದು.